ಮೂರು ಸಲ ‘ಮೇಡೇ’: ಆಪತ್ತಿನಲ್ಲಿ ಪೈಲಟ್ ಮತ್ತು ಟವರ್ ಆಡುವ ಮಾತು

ಪ್ರಶ್ನೆ: ಅಹಮದಾಬಾದ್ ವಿಮಾನ ದುರಂತದ ವರದಿಗಳಲ್ಲಿ, ಪೈಲಟ್ ‘ಮೇಡೇ, ಮೇಡೇ, ಮೇಡೇ’ ಎಂದು ಕರೆ ಮಾಡಿದ್ದರೆಂದು ಓದಿದೆ. ಅದೇ ಶಬ್ದವನ್ನೇಕೆ ಹೇಳಬೇಕು? ‘ನಾವು ತೊಂದರೆಯಲ್ಲಿದ್ದೇವೆ’ ಎಂದು ನೇರವಾಗಿ ಹೇಳಿದರೆ ಸಾಲದೆ?
– ಪದವಿ ವಿದ್ಯಾರ್ಥಿನಿ, ಗದಗ

ಉತ್ತರ: ಸಾಲದು. ಈ ಪಾಠವನ್ನು ವಿಮಾನಯಾನ ಕ್ಷೇತ್ರ ಅನೇಕರ ಜೀವ ತೆತ್ತು ಕಲಿತಿದೆ.

‘ನನಗೆ ನೆರವಾಗಿ’ ಎಂಬರ್ಥದ ಫ್ರೆಂಚ್ ನುಡಿಯ ಉಚ್ಚಾರಣೆಯಿಂದ ‘ಮೇಡೇ’ ಹುಟ್ಟಿತು. 1920ರ ದಶಕದಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೊ ಅಧಿಕಾರಿಯಾಗಿದ್ದ ಫ್ರೆಡರಿಕ್ ಮಾಕ್‌ಫರ್ಡ್ ಇದನ್ನು ಸೂಚಿಸಿದರು. ಆಗ ಅಲ್ಲಿಂದ ಹೆಚ್ಚಿನ ವಿಮಾನಗಳು ಪ್ಯಾರಿಸ್ಸಿಗೆ ಹಾರುತ್ತಿದ್ದುದರಿಂದ, ಇಂಗ್ಲಿಷರಿಗೂ ಫ್ರೆಂಚರಿಗೂ ಒಂದೇ ಸಲಕ್ಕೆ ತಿಳಿಯುವ ಶಬ್ದ ಬೇಕಾಗಿತ್ತು. ರೇಡಿಯೊದ ಗದ್ದಲದಲ್ಲಿ ಒಂದು ಸಲ ಹೇಳಿದ ಶಬ್ದ ಕಳೆದುಹೋಗಬಹುದು. ಬೇರೆ ಯಾರದೋ ಆಪತ್ತಿನ ವಿಷಯ ಮಾತಾಡುವಾಗಲೂ ಆ ಶಬ್ದ ಬಾಯಿಗೆ ಬರಬಹುದು. ಈ ಎರಡೂ ಗೊಂದಲಗಳು ಉಳಿಯಬಾರದೆಂದೇ ಮೂರು ಸಲ ಹೇಳಬೇಕೆಂಬ ನಿಯಮವಿದೆ. ಜೀವಕ್ಕೆ ಆ ಕ್ಷಣದ ಅಪಾಯವಿಲ್ಲದಿದ್ದರೂ ತುರ್ತು ಇದೆ ಎನ್ನುವಾಗ, ಉದಾಹರಣೆಗೆ ಪ್ರಯಾಣಿಕರೊಬ್ಬರು ತೀವ್ರ ಅಸ್ವಸ್ಥರಾದಾಗ, ‘ಪ್ಯಾನ್ ಪ್ಯಾನ್’ ಎಂಬ ಕರೆಯನ್ನು ಇದೇ ರೀತಿ ಮೂರು ಸಲ ಹೇಳುತ್ತಾರೆ.

ನಿಮ್ಮ ಪ್ರಶ್ನೆಯ ತಿರುಳಿಗೆ 1990ರ ಜನವರಿ 25ರ ರಾತ್ರಿಯ ಘಟನೆಯೊಂದೇ ಉತ್ತರ ಹೇಳುತ್ತದೆ. ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಬರುತ್ತಿದ್ದ ಅವಿಯಾಂಕಾ 52 ವಿಮಾನವನ್ನು ಕೆಟ್ಟ ಹವಾಮಾನದ ಕಾರಣದಿಂದ ದಾರಿಯಲ್ಲಿ ಮೂರು ಕಡೆ, ಒಟ್ಟು ಒಂದು ಗಂಟೆ 17 ನಿಮಿಷ, ಆಕಾಶದಲ್ಲೇ ಸುತ್ತುಹಾಕಿಸಲಾಯಿತು. ಇಂಧನ ಕರಗುತ್ತ ಬಂದಾಗ ಸಹ ಪೈಲಟ್ ‘ನಮಗೆ ಆದ್ಯತೆ ಬೇಕು’ ಎಂದರು. ಇಳಿಯುವ ಮೊದಲ ಪ್ರಯತ್ನ ವಿಫಲವಾದ ಮೇಲೆ, ‘ತುರ್ತುಸ್ಥಿತಿ ಎಂದು ಅವರಿಗೆ ತಿಳಿಸು’ ಎಂದು ಕ್ಯಾಪ್ಟನ್ ಸ್ಪ್ಯಾನಿಷ್ ಭಾಷೆಯಲ್ಲಿ ಹೇಳಿದರು. ಸಹ ಪೈಲಟ್ ರೇಡಿಯೊದಲ್ಲಿ ಹೇಳಿದ್ದು, ಮತ್ತೊಮ್ಮೆ ಪ್ರಯತ್ನಿಸುತ್ತೇವೆ, ಇಂಧನ ಮುಗಿಯುತ್ತಾ ಬಂದಿದೆ ಎಂದಷ್ಟೆ. ಆ ರಾತ್ರಿ ನ್ಯೂಯಾರ್ಕಿನ ಆಕಾಶದಲ್ಲಿ ಕಾಯುತ್ತಿದ್ದ ಎಲ್ಲ ವಿಮಾನಗಳ ಇಂಧನವೂ ಇಳಿಯುತ್ತಲೇ ಇತ್ತು. ಹಾಗಾಗಿ ನೆಲದಿಂದ ವಿಮಾನಗಳ ಸಂಚಾರವನ್ನು ನಿಯಂತ್ರಿಸುವ ಕಂಟ್ರೋಲರ್‌ಗಳ ಕಿವಿಗೆ ಅದು ಆಪತ್ತಿನ ಕರೆಯಾಗಿ ಕೇಳಿಸಲೇ ಇಲ್ಲ. ನಾಲ್ಕೂ ಎಂಜಿನ್‌ಗಳು ನಿಂತು ವಿಮಾನವು ಗುಡ್ಡವೊಂದಕ್ಕೆ ಬಿದ್ದಾಗ, ಅದರಲ್ಲಿದ್ದ 158 ಜನರಲ್ಲಿ 73 ಜನ ತೀರಿಕೊಂಡರು.

ಆ ಸಹ ಪೈಲಟ್ ಸುಳ್ಳು ಹೇಳಲಿಲ್ಲ, ಸುಮ್ಮನೆಯೂ ಕೂಡಲಿಲ್ಲ. ಅವರು ಸೌಜನ್ಯದಿಂದ ಕೇಳಿಕೊಂಡರು. ನಮ್ಮ ಕಡೆಯ ದವಾಖಾನೆಗಳಲ್ಲಿ ಪಾಳಿ ಹಚ್ಚಿ ಕುಳಿತವರೆಲ್ಲರೂ ‘ಸ್ವಲ್ಪ ಲಗೂ ನೋಡ್ರಿ’ ಎನ್ನುವವರೇ ಆಗಿರುತ್ತಾರೆ. ಎದೆನೋವಿನಿಂದ ಬಂದವರೂ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದರೆ, ಚೀಟಿ ಬರೆಯುವವರಿಗೆ ಅವರ ಸಂಕಟ ಬೇರೆಯದೆಂದು ಹೇಗೆ ಗೊತ್ತಾಗಬೇಕು? ‘ಮೇಡೇ’ ಎಂದರೆ ಕೇಳಿಸಿಕೊಂಡವರು ಏನನ್ನೂ ಊಹಿಸುವ ಅಗತ್ಯ ಉಳಿಯುವುದಿಲ್ಲ. ಇಂಧನದ ವಿಷಯದಲ್ಲಿಯೇ ಈಗ ಎರಡು ನಿಶ್ಚಿತ ಮಾತುಗಳಿವೆ. ಇನ್ನು ಹೆಚ್ಚಿನ ವಿಳಂಬವನ್ನು ತಾಳಲಾರೆವು ಎನ್ನಲು ‘ಮಿನಿಮಮ್ ಫ್ಯೂಯೆಲ್’ ಎನ್ನುತ್ತಾರೆ. ಇಳಿಯುವ ಹೊತ್ತಿಗೆ ಕಟ್ಟಕಡೆಯ ಮೀಸಲು ಇಂಧನಕ್ಕೂ ಕೈ ಹಾಕಬೇಕಾಗುತ್ತದೆಂದು ಕಂಡರೆ ‘ಮೇಡೇ ಫ್ಯೂಯೆಲ್’ ಎನ್ನುತ್ತಾರೆ.

ಪ್ರಶ್ನೆ: ಅಹಮದಾಬಾದಿನಲ್ಲಿ ಪೈಲಟ್ ಮೇಡೇ ಎಂದ ಮೇಲೂ ಟವರ್‌ನಲ್ಲಿದ್ದವರು ಏನೂ ಮಾಡಲಾಗಲಿಲ್ಲವೇಕೆ? ಇಂಥ ಹೊತ್ತಿನಲ್ಲಿ ಅವರ ಕೆಲಸವಾದರೂ ಏನು?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: 2025ರ ಜೂನ್ 12ರ ಆ ದುರಂತದಲ್ಲಿ ಸಮಯವೇ ಇರಲಿಲ್ಲ. ತನಿಖಾ ಸಂಸ್ಥೆಯ ಪ್ರಾಥಮಿಕ ವರದಿಯ ಪ್ರಕಾರ, ವಿಮಾನ ನೆಲ ಬಿಟ್ಟ 26 ಸೆಕೆಂಡುಗಳ ನಂತರ ಮೇಡೇ ಕರೆ ಬಂದಿತು, ಅದಾದ ಆರು ಸೆಕೆಂಡುಗಳಲ್ಲಿ ವಿಮಾನದ ದತ್ತಾಂಶ ದಾಖಲಾಗುವುದೇ ನಿಂತುಹೋಯಿತು. ಕಂಟ್ರೋಲರ್ ವಿಮಾನದ ಕಾಲ್‌ಸೈನ್ (ರೇಡಿಯೊದಲ್ಲಿ ವಿಮಾನವನ್ನು ಗುರುತಿಸುವ ಹೆಸರು) ವಿಚಾರಿಸಿದರು, ಉತ್ತರ ಬರಲಿಲ್ಲ. ವಿಮಾನ ಬಿದ್ದುದನ್ನು ಕಣ್ಣಾರೆ ಕಂಡು ಅವರು ತುರ್ತು ವ್ಯವಸ್ಥೆಯನ್ನು ಚಾಲನೆಗೊಳಿಸಿದರು. ಆ ಕೊಠಡಿಯಲ್ಲಿ ಕುಳಿತಿದ್ದವರ ಸಂಕಟವನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಪೈಲಟ್‌ಗಳಿಗೆ ಕಲಿಸುವ ಕ್ರಮವೇ ಹೀಗಿದೆ: ಮೊದಲು ವಿಮಾನವನ್ನು ಹಾರಿಸು, ಆಮೇಲೆ ದಾರಿ ನೋಡು, ಕೊನೆಗೆ ಮಾತಾಡು. ಆದ್ದರಿಂದ ಟವರ್‌ನಿಂದ ಬಂದ ಪ್ರಶ್ನೆಗೆ ಉತ್ತರ ತಡವಾದರೆ ಅದು ಅಲಕ್ಷ್ಯವಲ್ಲ. ಅನುಭವಿ ಕಂಟ್ರೋಲರ್ ಇದನ್ನು ಬಲ್ಲರು. ಪೈಲಟ್ ಮೇಲೆ ಪ್ರಶ್ನೆಗಳ ಮಳೆ ಸುರಿಸದೆ, ಬೇಕಾದುದನ್ನು ಮಾತ್ರ ಕೇಳುತ್ತಾರೆ. ತೊಂದರೆ ಏನು, ಪೈಲಟ್‌ನ ಉದ್ದೇಶವೇನು, ವಿಮಾನದಲ್ಲಿ ಎಷ್ಟು ಜೀವಗಳಿವೆ, ಇಂಧನ ಎಷ್ಟು ಹೊತ್ತಿಗೆ ಸಾಕಾಗುತ್ತದೆ ಎಂಬುವು ಆ ಪ್ರಶ್ನೆಗಳು. ಕೊನೆಯ ಎರಡು ಅಗ್ನಿಶಾಮಕ ಸಿಬ್ಬಂದಿಗೆ ಬೇಕು, ಏಕೆಂದರೆ ಎಷ್ಟು ಜನರನ್ನು ಹೊರತರಬೇಕು, ಎಷ್ಟು ದೊಡ್ಡ ಬೆಂಕಿಗೆ ಸಿದ್ಧರಿರಬೇಕು ಎಂಬುದು ಇವುಗಳಿಂದಲೇ ತಿಳಿಯುತ್ತದೆ. ಇದರ ಜೊತೆಗೆ ಕಂಟ್ರೋಲರ್ ಉಳಿದ ವಿಮಾನಗಳನ್ನು ದೂರ ಸರಿಸುತ್ತಾರೆ, ಅಗತ್ಯವಿದ್ದರೆ ಆ ಫ್ರೀಕ್ವೆನ್ಸಿಯಲ್ಲಿ ಬೇರೆ ಯಾರೂ ಮಾತಾಡದಂತೆ ಮೌನ ವಿಧಿಸುತ್ತಾರೆ. ತೊಂದರೆಯಲ್ಲಿರುವ ವಿಮಾನವನ್ನು ಸಾಧ್ಯವಾದಷ್ಟೂ ಫ್ರೀಕ್ವೆನ್ಸಿ ಬದಲಿಸಲು ಹೇಳುವುದಿಲ್ಲ, ಆ ಗಡಿಬಿಡಿಯಲ್ಲಿ ಸಂಪರ್ಕವೇ ತಪ್ಪಿಹೋದೀತೆಂಬ ಎಚ್ಚರಿಕೆಯಿಂದ.

ಈ ಕೆಲಸವನ್ನು ಚೆನ್ನಾಗಿ ಮಾಡಿದವರು ನ್ಯೂಯಾರ್ಕಿನ ಕಂಟ್ರೋಲರ್ ಪ್ಯಾಟ್ರಿಕ್ ಹಾರ್ಟನ್. 2009ರ ಜನವರಿ 15ರಂದು ಹಕ್ಕಿಗಳು ಬಡಿದು ಎರಡೂ ಎಂಜಿನ್‌ಗಳ ಬಲ ಕಳೆದುಕೊಂಡ ವಿಮಾನದ ಕ್ಯಾಪ್ಟನ್ ಸಲೆನ್‌ಬರ್ಗರ್ ಮರಳಿ ಬರುತ್ತೇವೆ ಎಂದ ಕೂಡಲೇ, ಹಾರ್ಟನ್ ಅದು ಹೊರಟಿದ್ದ ನಿಲ್ದಾಣದಿಂದ ಹೊರಡುವ ವಿಮಾನಗಳನ್ನೆಲ್ಲ ನಿಲ್ಲಿಸಿದರು. ಒಂದಾದ ಮೇಲೊಂದು ರನ್‌ವೇಯನ್ನು ಮುಂದಿಟ್ಟರು, ಪಕ್ಕದ ನಿಲ್ದಾಣದಲ್ಲಿಯೂ ಜಾಗ ಮಾಡಿಸಿದರು. ಕ್ಯಾಪ್ಟನ್ ಬೇಡವೆಂದಾಗ ವಾದಕ್ಕಿಳಿಯಲಿಲ್ಲ. ಹಡ್ಸನ್ ನದಿಯ ಮೇಲೆ ಇಳಿದ ಆ ವಿಮಾನದ 155 ಜನರೂ ಬದುಕಿದರು. ಗಾಬರಿಯಲ್ಲಿ ಕ್ಯಾಪ್ಟನ್ ತಮ್ಮ ಕಾಲ್‌ಸೈನ್‌ನ ಸಂಖ್ಯೆಯನ್ನೇ ತಪ್ಪಾಗಿ ಹೇಳಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಅಂಥ ನುರಿತವರಿಗೂ ಹಾಗಾಗುತ್ತದೆ ಎಂದಮೇಲೆ ಟವರ್‌ನಲ್ಲಿರುವವರ ತಾಳ್ಮೆಗೆ ಬೆಲೆ ಕಟ್ಟಲಾಗದು.

ಪ್ರಶ್ನೆ: ಹುಬ್ಬಳ್ಳಿ ವಿಮಾನ ನಿಲ್ದಾಣದ ಕಂಟ್ರೋಲರ್ ಕನ್ನಡಿಗರು, ಪೈಲಟ್ ಕೂಡ ಕನ್ನಡಿಗರು ಎಂದುಕೊಳ್ಳಿ. ಆಪತ್ತಿನಲ್ಲಿ ಕನ್ನಡದಲ್ಲೇ ಮಾತಾಡಿಕೊಂಡರೆ ಬೇಗ ತಿಳಿಯುವುದಿಲ್ಲವೇ?
– ಬೀಜದ ವ್ಯಾಪಾರಿ, ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಅವರಿಬ್ಬರಿಗೆ ಬೇಗ ತಿಳಿಯುತ್ತದೆ. ಆದರೆ ಆ ಫ್ರೀಕ್ವೆನ್ಸಿಯಲ್ಲಿ ಅವರಿಬ್ಬರೇ ಇರುವುದಿಲ್ಲ. ಸುತ್ತಮುತ್ತ ಹಾರುತ್ತಿರುವ ಇತರ ವಿಮಾನಗಳ ಪೈಲಟ್‌ಗಳು, ಅವರು ಪಂಜಾಬಿನವರಿರಲಿ, ಪರದೇಶದವರಿರಲಿ, ಇದೇ ಮಾತುಕತೆಯನ್ನು ಕೇಳುತ್ತಲೇ ಯಾರು ಎಲ್ಲಿದ್ದಾರೆ, ಯಾರು ಇಳಿಯುತ್ತಿದ್ದಾರೆ ಎಂಬ ಚಿತ್ರವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾರೆ. ಅಂತಾರಾಷ್ಟ್ರೀಯ ನಿಯಮವು ನೆಲದ ಕೇಂದ್ರದ ಭಾಷೆಗೂ ಅವಕಾಶ ಕೊಡುತ್ತದೆಯಾದರೂ, ನಮ್ಮ ದೇಶದಲ್ಲಿ ರೇಡಿಯೊದ ಭಾಷೆ ಇಂಗ್ಲಿಷೇ ಆಗಿರುವುದಕ್ಕೆ ಈ ಪ್ರಯೋಜನವಿದೆ. ಕನ್ನಡದ ಮೇಲಿನ ನಿಮ್ಮ ಅಭಿಮಾನ ನನ್ನದೂ ಹೌದು. ಆದರೆ ಇಲ್ಲಿ ಆ ಅಭಿಮಾನಕ್ಕಿಂತ ಕೇಳುವ ಮೂರನೆಯವರ ಪ್ರಾಣ ದೊಡ್ಡದು ಎಂದೇ ನನ್ನ ಅಭಿಪ್ರಾಯ.

ಭಾಷೆ ಕೈಕೊಟ್ಟರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ, ದೆಹಲಿಯಿಂದ ಹೊರಟಿದ್ದ ಸೌದಿ ವಿಮಾನ ಮತ್ತು ದೆಹಲಿಗೆ ಬರುತ್ತಿದ್ದ ಕಜಕ್‌ಸ್ತಾನದ ವಿಮಾನ ಡಿಕ್ಕಿಯಾಗಿ, ಎರಡರಲ್ಲೂ ಇದ್ದ 349 ಜನರೂ ಸತ್ತರು. ಸೌದಿ ವಿಮಾನಕ್ಕೆ 14,000 ಅಡಿ, ಕಜಕ್ ವಿಮಾನಕ್ಕೆ 15,000 ಅಡಿ ಎತ್ತರ ಗೊತ್ತುಮಾಡಲಾಗಿತ್ತು, ಎದುರಿನಿಂದ ವಿಮಾನ ಬರುತ್ತಿದೆ ಎಂದು ಕಂಟ್ರೋಲರ್ ಎಚ್ಚರಿಸಿಯೂ ಇದ್ದರು. ಆದರೆ ಕಜಕ್ ವಿಮಾನದಲ್ಲಿ ಟವರ್‌ನೊಡನೆ ಮಾತಾಡುತ್ತಿದ್ದವರು ರೇಡಿಯೊ ಆಪರೇಟರ್. ಅವರ ಮುಂದೆ ಎತ್ತರ ತೋರಿಸುವ ಮಾಪಕವೇ ಇರಲಿಲ್ಲ. ಮಾತು ಒಬ್ಬರ ಬಾಯಲ್ಲಿ, ವಿಮಾನ ಇನ್ನೊಬ್ಬರ ಕೈಯಲ್ಲಿ, ನಡುವೆ ಸರಿಯಾಗಿ ಒಗ್ಗದ ಇಂಗ್ಲಿಷ್. ಆ ವಿಮಾನ ತನಗೆ ಗೊತ್ತುಮಾಡಿದ ಎತ್ತರಕ್ಕಿಂತ ಕೆಳಗಿಳಿದಿತ್ತು. ಇದಾದ ಮೇಲೆ, ಎದುರಾಗುವ ವಿಮಾನವನ್ನು ತಾನೇ ಗುರುತಿಸಿ ಪೈಲಟ್‌ಗೆ ಎಚ್ಚರಿಕೆ ಕೊಡುವ ಸಾಧನವನ್ನು ಭಾರತ ಕಡ್ಡಾಯ ಮಾಡಿತು. ಅಂತಾರಾಷ್ಟ್ರೀಯ ಹಾರಾಟದ ಪೈಲಟ್‌ಗಳಿಗೂ ಕಂಟ್ರೋಲರ್‌ಗಳಿಗೂ ನಿಗದಿತ ಮಟ್ಟದ ಇಂಗ್ಲಿಷ್ ಇರಲೇಬೇಕೆಂಬ ನಿಯಮ 2008ರಲ್ಲಿ ಜಾರಿಗೆ ಬಂದಿತು. ಅಂಕಿಗಳನ್ನು ಹೇಳುವ ರೀತಿಯಲ್ಲಿಯೂ ಎಚ್ಚರಿಕೆಯಿದೆ: ‘ನೈನ್’ ಮತ್ತು ‘ಫೈವ್’ ಒಂದರಂತೆ ಇನ್ನೊಂದು ಕೇಳಿಸಬಾರದೆಂದು ಅವರು ‘ನೈನರ್’, ‘ಫೈಫ್’ ಎನ್ನುತ್ತಾರೆ.

ಪ್ರಶ್ನೆ: ರೇಡಿಯೊವೇ ಕೆಟ್ಟುಹೋದರೆ?
– ಗೋಕುಲ ರಸ್ತೆಯ ನಿವಾಸಿ, ಹುಬ್ಬಳ್ಳಿ

ಉತ್ತರ: ವಿಮಾನದ ಗುರುತನ್ನು ರೇಡಾರ್‌ಗೆ ತಿಳಿಸುವ ಟ್ರಾನ್ಸ್‌ಪಾಂಡರ್ ಎಂಬ ಉಪಕರಣದಲ್ಲಿ ಪೈಲಟ್ 7600 ಎಂಬ ಸಂಖ್ಯೆಯನ್ನು ಹಾಕುತ್ತಾರೆ, ರೇಡಾರ್ ಪರದೆಯ ಮೇಲೆ ಅದು ಎದ್ದು ಕಾಣುತ್ತದೆ. 7700 ಎಂದರೆ ಸಾಮಾನ್ಯ ತುರ್ತುಸ್ಥಿತಿ, 7500 ಎಂದರೆ ಅಪಹರಣ. ಒಂದು ಫ್ರೀಕ್ವೆನ್ಸಿ ಮಾತ್ರ ಸಿಗದಿದ್ದರೆ, ಆಪತ್ತಿಗೆಂದೇ ಜಗತ್ತಿನಾದ್ಯಂತ ಮೀಸಲಿಟ್ಟ 121.5 ಮೆಗಾಹರ್ಟ್ಸ್‌ನಲ್ಲಿ ಕರೆಯಬಹುದು.

ಎಲ್ಲ ಮಾತೂ ನಿಂತು, ವಿಮಾನವು ಟವರ್‌ನ ಕಣ್ಣಳತೆಗೆ ಬಂದಾಗ, ನಿಮ್ಮ ಮನೆಯ ಸಮೀಪದ ನಿಲ್ದಾಣವೂ ಸೇರಿ ಎಲ್ಲೆಡೆ ಒಂದೇ ಅರ್ಥ ಕೊಡುವ ಬೆಳಕಿನ ಸಂಜ್ಞೆಗಳಿವೆ. ಟವರ್‌ನಿಂದ ದೀಪವನ್ನು ಆ ವಿಮಾನದತ್ತ ತಿರುಗಿಸಿ ತೋರಿಸುತ್ತಾರೆ. ಸ್ಥಿರವಾದ ಹಸಿರು ಬೆಳಕು ಇಳಿಯಲು ಅನುಮತಿ. ಸ್ಥಿರವಾದ ಕೆಂಪು, ಬೇರೆ ವಿಮಾನಕ್ಕೆ ದಾರಿ ಬಿಟ್ಟು ಸುತ್ತುತ್ತಿರು ಎಂಬ ಸೂಚನೆ. ಮಿನುಗುವ ಕೆಂಪು, ನಿಲ್ದಾಣ ಸುರಕ್ಷಿತವಲ್ಲ, ಇಳಿಯಬೇಡ ಎಂಬ ಎಚ್ಚರಿಕೆ. ಕಂಡಿತು ಎಂದು ತಿಳಿಸಲು ಪೈಲಟ್ ಹಗಲಿನಲ್ಲಿ ರೆಕ್ಕೆಗಳನ್ನು ಅತ್ತಿತ್ತ ತೂಗಿಸುತ್ತಾರೆ, ರಾತ್ರಿಯಾದರೆ ಲ್ಯಾಂಡಿಂಗ್ ದೀಪಗಳನ್ನು ಎರಡು ಸಲ ಹೊತ್ತಿಸಿ ಆರಿಸುತ್ತಾರೆ.