ಕಕ್ಕಡದ ಮಳೆಗೆ ಕೊಳೆಯದ ಗಿಡ: ಊರ ಪಾರ್ಕಿನ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಪರಿಸರ ದಿನಾಚರಣೆಗೆಂದು ಜೂನ್ 5ರಂದು ನಮ್ಮ ಬಡಾವಣೆಯ ಪಾರ್ಕಿನಲ್ಲಿ 60 ಗಿಡ ನೆಟ್ಟೆವು. ಸೆಪ್ಟೆಂಬರ್ ಹೊತ್ತಿಗೆ ಉಳಿದದ್ದು 14. ನೀರಿಗಂತೂ ಬರವಿರಲಿಲ್ಲ. ತಪ್ಪಿದ್ದೆಲ್ಲಿ?
– ಮಡಿಕೇರಿ

ಉತ್ತರ: ನೀರು ಹೆಚ್ಚಾಗಿಯೇ ಸತ್ತಿರಬೇಕು. ಸತ್ತ ಒಂದು ಗಿಡವನ್ನು ಕಿತ್ತು ನೋಡಿ. ಬೇರಿನ ಸಿಪ್ಪೆ ಬೆರಳಿಗೆ ಜಾರಿ ಬಂದು ಕೊಳೆತ ವಾಸನೆ ಹೊಡೆದರೆ ಅನುಮಾನವೇ ಬೇಡ. ಬಡಾವಣೆಯ ಪಾರ್ಕುಗಳಲ್ಲಿ ಸಾಮಾನ್ಯವಾಗಿ ಇರುವುದು ಜೆಸಿಬಿ ತಟ್ಟಿ ಸಮ ಮಾಡಿದ ಗಟ್ಟಿ ಮಣ್ಣು. ಅದರಲ್ಲಿ ತೋಡಿದ ಗುಂಡಿ ಮಡಕೆಯಂತೆ. ಕಕ್ಕಡದಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳಲ್ಲಿ, ಹಗಲೂ ರಾತ್ರಿ ಮಳೆ ಸುರಿಯುವಾಗ ನೀರು ಒಳಗೆ ಇಳಿಯುತ್ತದೆ, ಹೊರಗೆ ಹೋಗುವುದಿಲ್ಲ. ಗಾಳಿ ಸಿಗದೆ ಬೇರು ಉಸಿರುಗಟ್ಟುತ್ತದೆ. ಎಲೆ ಹಳದಿಯಾಗಿ ಉದುರುವುದು ಕಂಡಾಗ ಗೊಬ್ಬರ ಸಾಲದು ಅಂದುಕೊಂಡು ಇನ್ನೊಂದು ಬುಟ್ಟಿ ಗೊಬ್ಬರ ಸುರಿಯುತ್ತಾರೆ, ಕೊಳೆಯುವುದು ಇನ್ನೂ ಬೇಗವಾಗುತ್ತದೆ.

ಮುಂದಿನ ಸಲ ನೆಡುವ ಮೊದಲು ಗುಂಡಿಯನ್ನು ಪರೀಕ್ಷಿಸಿ. 60 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ ತೋಡಿ ಎರಡು ಬಕೆಟ್ ನೀರು ಹೊಯ್ಯಿರಿ. ಅದು ಇಂಗಿದ ಮೇಲೆ ಮತ್ತೆರಡು ಬಕೆಟ್. ಎರಡನೆಯ ನೀರು ಬೆಳಗಾದರೂ ನಿಂತೇ ಇದ್ದರೆ ಅಲ್ಲಿ ಗುಂಡಿಯಲ್ಲಿ ನೆಡಬೇಡಿ. ನೆಲವನ್ನು ಒಂದು ಅಡಿ ಕೊಚ್ಚಿ ಸಡಿಲಿಸಿ, ಅದರ ಮೇಲೆ ಒಂದು ಮೀಟರ್ ಅಗಲ, 25 ಸೆಂ.ಮೀ. ಎತ್ತರದ ದಿಬ್ಬ ಮಾಡಿ ನೆಡಿ. ಇಳಿಜಾರಿನ ಕಡೆಗೆ ಒಂದು ಗೇಣು ಅಗಲದ ಚರಂಡಿ ಬಿಡಿಸಿ.

ನೀರು ಇಳಿಯುವ ಜಾಗದಲ್ಲೂ ಗುಂಡಿಯ ಗೋಡೆ ನುಣ್ಣಗಿರಬಾರದು, ಪಿಕಾಸಿಯಿಂದ ಗೀರಿ ಒರಟು ಮಾಡಿ. ಮೂರು ಪಾಲು ಮೇಲ್ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ಬಿಚ್ಚಿ. ಒಳಗೆ ಬೇರು ಸುತ್ತಿಕೊಂಡಿದ್ದರೆ ಸುರುಳಿಯನ್ನು ಚೂಪಾದ ಕತ್ತಿಯಲ್ಲಿ ಎರಡು ಮೂರು ಕಡೆ ಕತ್ತರಿಸಿ. ಹಾಗೇ ಬಿಟ್ಟರೆ ಗಿಡ ಹತ್ತು ವರ್ಷ ಚೆನ್ನಾಗಿ ಬೆಳೆದು ಆಮೇಲೆ ಒಂದು ಗಾಳಿಗೆ ಬುಡಸಮೇತ ಒರಗೀತು. ಕಾಂಡ ಬೇರನ್ನು ಸೇರುವ ಜಾಗ ನೆಲಕ್ಕಿಂತ 5 ಸೆಂ.ಮೀ. ಮೇಲಿರಲಿ, ಮಳೆಗೆ ಮಣ್ಣು ಕುಸಿದಾಗ ಅದು ಸರಿಯಾದ ಮಟ್ಟಕ್ಕೆ ಬರುತ್ತದೆ. ಬಯಲುಸೀಮೆಯವರಂತೆ ಬುಡಕ್ಕೆ ಪಾತಿ ಕಟ್ಟುವ ಅಭ್ಯಾಸವನ್ನು ಮಡಿಕೇರಿಯಲ್ಲಿ ಮಳೆಗಾಲದಲ್ಲಿ ಮಾಡಲೇಬೇಡಿ. ಪಾತಿ ಡಿಸೆಂಬರ್ ಕೆಲಸ.

ಗಾಳಿಗೆ ಆಸರೆಯಾಗಿ ಎರಡು ಕಡೆ ಗೂಟ ಹೊಡೆದು, ಗಿಡದ ಎತ್ತರದ ಮೂರನೇ ಒಂದು ಭಾಗದಲ್ಲಿ ತೆಂಗಿನ ನಾರಿನ ಹಗ್ಗವನ್ನು ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ತಂತಿ ಬೇಡ, ತೊಗಟೆ ಕೊಯ್ಯುತ್ತದೆ. ವರ್ಷವಾದ ಮೇಲೆ ಗೂಟ ತೆಗೆಯಿರಿ.

ಇನ್ನು ದಿನಾಂಕ. ಜೂನ್ 5 ಫೋಟೋಕ್ಕೆ ಒಳ್ಳೆಯ ದಿನ. ಆದರೆ ಮಡಿಕೇರಿಯಲ್ಲಿ ನೆಟ್ಟ ಗಿಡ ಬೇರು ಬಿಡುವಷ್ಟರಲ್ಲಿ ಜುಲೈ ಮಳೆ ಬಂದಿರುತ್ತದೆ. ಮೇ ಕೊನೆಯಲ್ಲಿ ನೆಡಿ, ಇಲ್ಲವೇ ಸೆಪ್ಟೆಂಬರ್‌ನಲ್ಲಿ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿದು ಮಳೆ ಸಡಿಲವಾದ ಮೇಲೆ ನೆಡಿ. ನಮ್ಮ ಆಯ್ಕೆ ಎರಡನೆಯದು: ತುಲಾ ಮಾಸದ (ಅಕ್ಟೋಬರ್–ನವೆಂಬರ್) ಮಳೆಯವರೆಗೂ ನೆಲದಲ್ಲಿ ಹದವಾದ ತೇವ ಇರುತ್ತದೆ. ಬದಲಿಗೆ ಜನವರಿಯಿಂದ, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬೀಳುವವರೆಗೆ ವಾರಕ್ಕೊಮ್ಮೆ ಗಿಡಕ್ಕೆ 15 ಲೀಟರ್ ನೀರು ಹೊರಲೇಬೇಕು, ಎರಡು ಬೇಸಿಗೆ.

ಯಾವ ಗಿಡ ಎಂಬುದಕ್ಕೆ: ಜಾಗ ಇದ್ದರೆ ನೇರಳೆ, ಸಂಪಿಗೆ, ನಂದಿ, ಹೆಬ್ಬಲಸು. ಒಂದರಿಂದೊಂದಕ್ಕೆ 8 ಮೀಟರ್ ಬಿಡಿ. ಗುಲ್‌ಮೊಹರ್ ನೋಡಲು ಚೆಂದ, ಆದರೆ ಅದರ ಕೊಂಬೆ ಮುರಿಯುವ ಜಾತಿಯದು. ಮಕ್ಕಳು ಆಡುವ ಜಾಗದ ಮೇಲೆ ಬೇಡ. ನೆರಳು, ತೇವ ಎರಡೂ ಇರುವ ಮೂಲೆಗೆ ಮದ್ದುಸೊಪ್ಪಿನ ಕಡ್ಡಿ ಊರಿ. ಕಕ್ಕಡ 18ರಂದು ಈ ಸೊಪ್ಪಿನ ರಸದಲ್ಲಿ ಪಾಯಸ ಮಾಡುವುದು ಕೊಡಗಿನ ವಾಡಿಕೆ; ಆ ದಿನಕ್ಕೆ ಸೊಪ್ಪು ಹುಡುಕಿ ಅಲೆಯುವ ಮನೆಗಳು ಪಾರ್ಕಿಗೇ ಬರುತ್ತವೆ. ಹಾಗೆ ಬಂದವರು ಆ ಮೂಲೆಯನ್ನು ಕಾಯುತ್ತಾರೆ ಕೂಡ.

ಪ್ರಶ್ನೆ: ಪಾರ್ಕಿನ ಕೆಳಗಿನ ಬರೆ (ಕಡಿದಾದ ಮಣ್ಣಿನ ಇಳಿಜಾರು) ಪ್ರತಿ ಮಳೆಗಾಲ ಸ್ವಲ್ಪ ಸ್ವಲ್ಪ ಕುಸಿಯುತ್ತಿದೆ. ಮೇಲೆ ಇಂಗುಗುಂಡಿ ತೋಡಿ, ಅಂಚಿನಲ್ಲಿ ದೊಡ್ಡ ಮರದ ಸಸಿ ಹಾಕಿ ಎಂದು ಕೆಲವರ ಸಲಹೆ.
– ಮಡಿಕೇರಿ

ಉತ್ತರ: ಎರಡೂ ಬೇಡ. ಕುಶಾಲನಗರದ ಸಮತಟ್ಟಿನಲ್ಲಿ ಇಂಗುಗುಂಡಿ ಒಳ್ಳೆಯ ಕೆಲಸ. ಬರೆಯ ನೆತ್ತಿಯಲ್ಲಿ ಅದೇ ಗುಂಡಿ ಮಣ್ಣಿನೊಳಗೆ ನೀರು ತುಂಬಿಸಿ ಭಾರ ಹೆಚ್ಚಿಸುತ್ತದೆ, ಮಣ್ಣಿನ ಹಿಡಿತ ಕಳೆಯುತ್ತದೆ. ಬಿಡದ ಮಳೆಗೆ ನೀರು ಕುಡಿದ ಗುಡ್ಡ ಏನು ಮಾಡುತ್ತದೆ ಎಂಬುದನ್ನು 2018ರ ಆಗಸ್ಟ್‌ನಲ್ಲಿ ಈ ಜಿಲ್ಲೆ ಕಂಡಿದೆ.

ಮೊದಲ ಕೆಲಸ ನೆತ್ತಿಯಿಂದ ಎರಡು ಮೂರು ಮೀಟರ್ ಹಿಂದೆ ಅಡ್ಡ ಚರಂಡಿ. ಅದರ ತಳ ನೀರು ಕುಡಿಯಬಾರದು: ಸಿಮೆಂಟ್ ಹಾಕಿಸಿ, ಆಗದಿದ್ದರೆ ಈ ಮಳೆಗಾಲಕ್ಕೆ ದಪ್ಪ ಟಾರ್ಪಾಲಿನನ್ನಾದರೂ ಹಾಸಿ. ನೀರನ್ನು ರಸ್ತೆಯ ಮೋರಿಗೆ ತಲುಪಿಸಿ. ಪಕ್ಕದ ಮನೆಯ ಬರೆಯ ಮೇಲೆ ಬಿಟ್ಟರೆ ತೊಂದರೆ ಜಾಗ ಬದಲಿಸಿತಷ್ಟೆ.

ಬರೆಯ ಮೈಗೆ ಲಾವಂಚ. ಎರಡು ಮೂರು ಕುಡಿಗಳಿರುವ ಸೀಳುಗಳನ್ನು ತೆಗೆದುಕೊಂಡು ಬೇರನ್ನು ನಾಲ್ಕು ಬೆರಳಷ್ಟಕ್ಕೆ, ಎಲೆಯನ್ನು ಒಂದು ಗೇಣಿಗೆ ಕತ್ತರಿಸಿ. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ, 10–15 ಸೆಂ.ಮೀ.ಗೊಂದರಂತೆ ಸಾಲು ನೆಡಿ. ಸಾಲಿನಿಂದ ಸಾಲಿಗೆ ಒಂದು ಮೀಟರ್ ಇಳಿತ. ನಡುವೆ ಗಿಡ ತಪ್ಪಿದರೆ ನೀರು ಅಲ್ಲೇ ನುಗ್ಗಿ ಕೊರಕಲು ಮಾಡುತ್ತದೆ, ಆದ್ದರಿಂದ ತಿಂಗಳೊಳಗೆ ಖಾಲಿ ತುಂಬಿಸಿ. ಮೊದಲ ಮಳೆಗೇ ನೆಟ್ಟರೆ ಜುಲೈಗೆ ಸ್ವಲ್ಪ ಹಿಡಿತ ಬಂದಿರುತ್ತದೆ. ಲಾವಂಚಕ್ಕೆ ಬಿಸಿಲು ಬೇಕು, ಮರದಡಿ ಸೊರಗುತ್ತದೆ. ಅದು ಹಿಡಿಯುವುದು ಮೇಲಿನ ಎರಡು ಮೂರು ಮೀಟರ್ ಮಣ್ಣನ್ನು ಮಾತ್ರ. ಆಳದಿಂದ ಜಾರುವ ಗುಡ್ಡವನ್ನು ಯಾವ ಹುಲ್ಲೂ ತಡೆಯದು.

ಬರೆಯ ಮೇಲೆ ಈಗಾಗಲೇ ಇರುವ ಮರಗಳನ್ನು ಕಡಿಯಬೇಡಿ. ಕಡಿದ ಕೆಲವೇ ವರ್ಷಗಳಲ್ಲಿ ಬೇರು ಕೊಳೆತು ಹಿಡಿತ ಹೋಗುತ್ತದೆ. ಭಾರವೆನಿಸಿದರೆ ಅನುಮತಿ ಪಡೆದು, ತೋಟದಲ್ಲಿ ಮರಗಸಿ ಮಾಡುವಂತೆ ಕೊಂಬೆ ಇಳಿಸಿ. ನೆತ್ತಿಯಲ್ಲಿ ಬಿಲ್ಲಿನಂತೆ ಬಾಗಿದ ಬಿರುಕು, ಹೊಸದಾಗಿ ವಾಲಿದ ಮರ ಅಥವಾ ಕಂಬ, ತಿಳಿಯಾಗಿದ್ದ ಒರತೆಯಲ್ಲಿ ಕೆಂಪು ನೀರು – ಇವುಗಳಲ್ಲಿ ಒಂದು ಕಂಡರೂ ಬರೆಯ ಕೆಳಗಿನ ಮನೆಯವರನ್ನು ಮೊದಲು ಸರಿಸಿ, ನಂತರ ಜಿಲ್ಲಾಡಳಿತಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ಮ ಬೀದಿಯ ಹಳೆಯ ಮರದ ಬುಡದವರೆಗೆ ಇಂಟರ್‌ಲಾಕ್ ಹಾಸಿದ್ದಾರೆ. ಮರಕ್ಕೆ ತೊಂದರೆಯೇ?
– ವಿರಾಜಪೇಟೆ

ಉತ್ತರ: ಹೌದು. ಬೇರಿಗೆ ಗಾಳಿ, ನೀರು ಎರಡೂ ಕಡಿಮೆಯಾಗುತ್ತವೆ. ಕಾಂಡದ ಸುತ್ತ ಒಂದು ಮೀಟರ್ ಬಿಡಿಸಿ. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಹೇಳಿದ ಅಳತೆಯೂ ಇದೇ, ಪುರಸಭೆಗೆ ಬರೆಯುವ ಮನವಿಯಲ್ಲಿ ಇದನ್ನು ಸೇರಿಸಿ. ಇಟ್ಟಿಗೆಗಳನ್ನು ಕೈಯಿಂದಲೇ ಎಬ್ಬಿಸಬೇಕು, ಗುದ್ದಲಿ ತಾಗಿದರೆ ಬೇರಿಗೆ ಗಾಯ. ತೆರೆದ ಜಾಗಕ್ಕೆ ಮೂರು ಬೆರಳು ದಪ್ಪ ತರಗೆಲೆ ಹಾಸಿ, ಕಾಂಡಕ್ಕೆ ತಾಗಿಸಬೇಡಿ. ಬೋರ್ಡು ಹೊಡೆದ ಮೊಳೆಗಳಿದ್ದರೆ ಅವನ್ನೂ ಕೀಳಿ.

ಪ್ರಶ್ನೆ: ಬಡಾವಣೆ ನಕ್ಷೆಯಲ್ಲಿ ಪಾರ್ಕು ಎಂದಿರುವ ಜಾಗದಲ್ಲಿ ಕಟ್ಟಡದ ಅವಶೇಷ ಸುರಿಯುತ್ತಿದ್ದಾರೆ. ಅಲ್ಲಿ ಏನೋ ಕಟ್ಟುತ್ತಾರೆಂಬ ಸುದ್ದಿಯೂ ಇದೆ.
– ಕುಶಾಲನಗರ

ಉತ್ತರ: ಗಿಡ ನೆಡುವ ಮೊದಲು ಕಾಗದ ಹಿಡಿಯಿರಿ. ಅನುಮೋದಿತ ಬಡಾವಣೆ ನಕ್ಷೆ, ಪಾರ್ಕಿನ ಜಾಗವನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಪತ್ರ, ಸರ್ವೆ ನಂಬರಿನ ಪಹಣಿ – ಈ ಮೂರರ ಪ್ರತಿಗಳನ್ನು ಮಾಹಿತಿ ಹಕ್ಕಿನಡಿ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಲಿ, ನಾಲ್ಕು ವಿಷಯ ಬೆರೆಸಿದರೆ ತಿರಸ್ಕರಿಸಲು ನೆಪ ಸಿಗುತ್ತದೆ.

ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಯ ಕಾಯ್ದೆ 1985ರಲ್ಲೇ ಬಂದಿದೆ. ಇಂಥ ಜಾಗವನ್ನು ಬೇರೆ ಉದ್ದೇಶಕ್ಕೆ ತಿರುಗಿಸುವುದನ್ನು ತಡೆಯಲೆಂದೇ ಇರುವ ಕಾನೂನು ಅದು. ಮನವಿಯಲ್ಲಿ ಹೆಸರಿಸಿ. ಇದ್ದ ಮರಗಳನ್ನು ಯಾರಾದರೂ ಕಡಿಯಲು ಬಂದರೆ 1976ರ ಮರ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಪತ್ರ ತೋರಿಸಲು ಕೇಳಿ. ದಿನಾಂಕ ಕಾಣುವ ಫೋಟೋಗಳನ್ನು ಒಂದೇ ಜಾಗದಲ್ಲಿ ನಿಂತು ತಿಂಗಳಿಗೊಮ್ಮೆ ತೆಗೆಯಿರಿ. ಅವಶೇಷ ತೆಗೆಸದೆ ಮೇಲೆ ಮಣ್ಣು ಹರಡುವುದಕ್ಕೆ ಮಾತ್ರ ಒಪ್ಪಬೇಡಿ. ಸಿಮೆಂಟ್ ಚೂರಿನ ಸುಣ್ಣ ನಮ್ಮ ಹುಳಿಮಣ್ಣಿನ ಗುಣವನ್ನೇ ಬದಲಿಸುತ್ತದೆ, ಗಿಡ ಹಳದಿಯಾಗಿಯೇ ಉಳಿಯುತ್ತದೆ.

ಪ್ರಶ್ನೆ: ಪಾರ್ಕಿನ ತರಗೆಲೆಗೆ ಬೆಂಕಿ ಹಾಕುವುದನ್ನು ನಿಲ್ಲಿಸಿದ್ದೇವೆ. ಆದರೆ ಗೊಬ್ಬರದ ರಾಶಿ ಮಳೆಗಾಲದಲ್ಲಿ ನಾರುತ್ತದೆಂದು ನೆರೆಯವರ ತಕರಾರು. ಕಾಫಿ ಸಿಪ್ಪೆ ಬೆರೆಸಬಹುದೇ?
– ಗೋಣಿಕೊಪ್ಪಲು

ಉತ್ತರ: ನಾರುವುದು ನೆನೆದು ಗಾಳಿಯಾಡದ ರಾಶಿ. ಗುಂಡಿ ಬಿಟ್ಟು ನೆಲದ ಮೇಲೆ, ಅಡಿಗೆ ಒಂದು ಅಡಿ ಒಣ ಕಡ್ಡಿ ಹಾಸಿ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರ ಪೇರಿಸಿ. ಮೂರು ಬುಟ್ಟಿ ತರಗೆಲೆಗೆ ಒಂದು ಬುಟ್ಟಿ ಹಸಿ ಸೊಪ್ಪು, ನಡುನಡುವೆ ಸಗಣಿ ನೀರು. ಒಂದು ಹಿಡಿ ಹಿಂಡಿದರೆ ಎರಡು ಹನಿ ಬರಬೇಕು, ಧಾರೆ ಬಂದರೆ ಹೆಚ್ಚಾಯಿತು. ಜೂನ್‌ನಿಂದ ಮೇಲೆ ಶೀಟಿನ ಮಾಡು ಬೇಕೇ ಬೇಕು. ಟಾರ್ಪಾಲಿನನ್ನು ರಾಶಿಗೆ ಅಂಟಿಸಿ ಹೊದಿಸಿದರೆ ಮತ್ತೆ ಗಾಳಿಯಿಲ್ಲ. ಮೂರು ವಾರಕ್ಕೊಮ್ಮೆ ಮಗುಚಿ.

ಕಾಫಿ ಸಿಪ್ಪೆ ಬೆರೆಸಿ, ರಾಶಿಯ ಐದನೇ ಒಂದು ಪಾಲು ಮೀರದಂತೆ. ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಪಲ್ಪರಿನಿಂದ ಬಂದ ಹಸಿ ಸಿಪ್ಪೆ ಬಿಸಿಯೇರಿ ಹುಳಿಯುತ್ತದೆ. ಅದನ್ನು ನೇರವಾಗಿ ಗಿಡದ ಬುಡಕ್ಕೆ ಹಾಕಿದರೆ ಎಳೆಯ ಬೇರು ಸುಡುತ್ತದೆ. ಲಂಟಾನ, ಪಾರ್ಥೇನಿಯಂ ಗಿಡಗಳನ್ನು ಹೂವಾಗುವ ಮೊದಲೇ ಕಿತ್ತು ಸೇರಿಸಬಹುದು, ಬೀಜ ಕಟ್ಟಿದ್ದರೆ ಬೇಡ. ಕೊಯ್ಲಿನ ಕಾಲದಲ್ಲಿ ಸಿಪ್ಪೆ ಸುಲಭವಾಗಿ ಸಿಗುತ್ತದೆ, ಪಾರ್ಕಿನ ಎಲೆಯೂ ಆಗಲೇ ಹೆಚ್ಚು ಉದುರುವುದು. ಜನವರಿಯಲ್ಲಿ ಪೇರಿಸಿದ ರಾಶಿ ಮೇ ಕೊನೆಯ ನಾಟಿಗೆ ಸರಿಯಾಗಿ ಸಿದ್ಧವಾಗಿರುತ್ತದೆ.