ಎಲ್ಲರ ಕೆಲಸ, ಯಾರ ಹೊಣೆ?

ಜೊತೆಯಾಗಿ ದುಡಿಯುವವರ ನಡುವಿನ ತೊಡಕುಗಳ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಪತ್ರ ಬರೆದವರ ಹೆಸರು ಮತ್ತು ಸಂಸ್ಥೆಯ ವಿವರಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನಾನು ಪತ್ತಿನ ಸಹಕಾರ ಸಂಘವೊಂದರ ಕಾರ್ಯದರ್ಶಿ. ನಮ್ಮಲ್ಲಿ ಒಂಬತ್ತು ಮಂದಿ ಸಿಬ್ಬಂದಿ ಇದ್ದೇವೆ. ಮಾರ್ಚ್ ಮುಗಿದ ಮೇಲೆ ಲೆಕ್ಕಪರಿಶೋಧನೆಗೆ ದಾಖಲೆಗಳನ್ನು ಸಿದ್ಧಪಡಿಸುವುದು ಎಲ್ಲರ ಜಂಟಿ ಹೊಣೆ ಎಂದು ಹೇಳಿದ್ದರೂ ಪ್ರತಿ ವರ್ಷ ಇಬ್ಬರೇ ರಾತ್ರಿಯವರೆಗೆ ಕುಳಿತು ಮುಗಿಸುತ್ತಾರೆ. ಉಳಿದವರು ತಮ್ಮ ತಮ್ಮ ಕೌಂಟರಿನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಾರೆ. ಒಗ್ಗಟ್ಟು ಮೂಡಲಿ ಎಂದು ಎಲ್ಲರನ್ನೂ ಪ್ರವಾಸಕ್ಕೂ ಕರೆದೊಯ್ದೆವು. ಏನೂ ಬದಲಾಗಲಿಲ್ಲ. ಏನು ಮಾಡಬಹುದು?
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ಉಳಿದವರು ತಮ್ಮ ಕೌಂಟರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತಾರೆ ಎಂದು ನೀವೇ ಬರೆದಿದ್ದೀರಿ. ಕೌಂಟರಿನಲ್ಲಿ ಚುರುಕಾಗಿರುವ ವ್ಯಕ್ತಿ ಜಂಟಿ ಕೆಲಸದಲ್ಲಿ ಹಿಂದೆ ಸರಿಯುತ್ತಾನೆಂದರೆ ಅವನ ಸ್ವಭಾವವನ್ನು ದೂರುವ ಮೊದಲು ಆ ಜಂಟಿ ಕೆಲಸವನ್ನು ಹೇಗೆ ಹಂಚಿದ್ದೀರಿ ಎಂಬುದನ್ನು ನೋಡಬೇಕಾಗುತ್ತದೆ.

ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗಲ್‌ಮನ್ 1880ರ ದಶಕದಲ್ಲಿ ಜನರಿಂದ ಹಗ್ಗ ಎಳೆಸಿ ಅವರ ಬಲವನ್ನು ಅಳೆದರು; ಆ ಲೆಕ್ಕಗಳು 1913ರಲ್ಲಿ ಪ್ರಕಟವಾದವು. ಎಂಟು ಮಂದಿ ಒಟ್ಟಿಗೆ ಎಳೆದಾಗ ತಲಾ ಬಲ, ಒಬ್ಬೊಬ್ಬರೇ ಎಳೆದಾಗ ಇದ್ದುದರ ಸುಮಾರು ಅರ್ಧಕ್ಕೆ ಇಳಿದಿತ್ತು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದೆ ಹೊಂದಾಣಿಕೆ ತಪ್ಪಿದ್ದರಿಂದ ಹೀಗಾಯಿತು ಎಂದು ಹೇಳಬಹುದಿತ್ತು. ಆದರೆ 1974ರಲ್ಲಿ ಅಮೆರಿಕದ ಸಂಶೋಧಕರು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ನಿಂತವರಿಗೆ, ನಿಮ್ಮ ಹಿಂದೆ ಇನ್ನಷ್ಟು ಜನ ಎಳೆಯುತ್ತಿದ್ದಾರೆ ಎಂದು ನಂಬಿಸಿ ಒಬ್ಬರಿಂದಲೇ ಹಗ್ಗ ಎಳೆಸಿದಾಗಲೂ ಬಲ ಕುಗ್ಗಿತು. 1979ರಲ್ಲಿ ಲಾಟಾನೆ, ವಿಲಿಯಮ್ಸ್ ಮತ್ತು ಹಾರ್ಕಿನ್ಸ್ ಎಂಬವರು ಚಪ್ಪಾಳೆ ತಟ್ಟಿಸಿ, ಕೂಗಿಸಿ ನೋಡಿದಾಗಲೂ ಇದೇ ಕಂಡುಬಂತು. ಅವರೇ ಮುಂದೆ ತೋರಿಸಿಕೊಟ್ಟ ಇನ್ನೊಂದು ಸಂಗತಿ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ: ತನ್ನ ಪಾಲಿನ ಕೆಲಸವನ್ನು ಪ್ರತ್ಯೇಕವಾಗಿ ಗುರುತಿಸಲಾಗುತ್ತದೆ ಎಂದು ತಿಳಿದಾಗ ಗುಂಪಿನಲ್ಲಿದ್ದರೂ ಮನುಷ್ಯ ಹೆಚ್ಚುಕಡಿಮೆ ಒಂಟಿಯಾಗಿದ್ದಾಗಿನಷ್ಟೇ ಶ್ರಮ ಹಾಕುತ್ತಾನೆ.

ಇದನ್ನು ನಮ್ಮ ರೈತರು ಯಾವ ಪ್ರಯೋಗವೂ ಇಲ್ಲದೆ ತಿಳಿದಿದ್ದರು. ಹಿಂದಿನ ಕಾಲದ ಒಗ್ಗಟ್ಟಿನ ಬಗ್ಗೆ ಮಾತನಾಡುವವರು ಮುಯ್ಯಾಳು ಪದ್ಧತಿಯನ್ನು ಉದಾಹರಿಸುವುದುಂಟು. ಇಂದು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯಿಂದ ಇಬ್ಬರು, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು. ಅಲ್ಲಿ ಯಾರ ಮನೆಯಿಂದ ಎಷ್ಟು ಆಳು ಬಂದಿತ್ತು, ಯಾರು ಇನ್ನೂ ಮುಯ್ಯಿ ತೀರಿಸಬೇಕು ಎಂಬ ಲೆಕ್ಕ ಊರಿನ ಎಲ್ಲರ ಬಾಯಲ್ಲೂ ಇರುತ್ತಿತ್ತು. ಸಾಲಾಗಿ ನಿಂತು ಸಸಿ ನೆಡುತ್ತಾ ಹಿಂದೆ ಹಿಂದೆ ಸರಿಯುವಾಗ ಯಾರ ಪಟ್ಟಿ ನಿಂತಲ್ಲೇ ನಿಂತಿದೆ ಎಂಬುದು ಬದುವಿನ ಮೇಲೆ ಕುಳಿತವರಿಗೂ ಕಾಣುತ್ತಿತ್ತು. ಆ ಒಗ್ಗಟ್ಟಿಗೆ ಪ್ರೀತಿಯಷ್ಟೇ ಈ ಲೆಕ್ಕವೂ ಆಧಾರವಾಗಿತ್ತು.

ಆದ್ದರಿಂದ ‘ಲೆಕ್ಕಪರಿಶೋಧನೆಯ ಸಿದ್ಧತೆ’ ಎಂಬ ಒಂದೇ ದೊಡ್ಡ ಹೊಣೆಯನ್ನು ಒಡೆಯಿರಿ. ಸಾಲದ ಕಡತಗಳಲ್ಲಿ ಜಾಮೀನುದಾರರ ಸಹಿ ಇದೆಯೇ ಎಂದು ನೋಡುವುದು, ಸುಸ್ತಿ ಸಾಲಗಳ ಪಟ್ಟಿ ತಯಾರಿಸುವುದು, ಠೇವಣಿಗಳ ಬಡ್ಡಿ ಲೆಕ್ಕ, ಬ್ಯಾಂಕ್ ಖಾತೆಯೊಂದಿಗೆ ತಾಳೆ, ವೋಚರ್‌ಗಳ ಜೋಡಣೆ, ಷೇರು ರಿಜಿಸ್ಟರ್ ಹೀಗೆ ಬರೆದು, ಪ್ರತಿಯೊಂದರ ಎದುರು ಒಂದು ಹೆಸರು ಮತ್ತು ಒಂದು ದಿನಾಂಕ ಹಾಕಿ. ಒಂದೇ ಸಾಲಿಗೆ ಎರಡು ಹೆಸರು ಬರೆದರೆ ಹಳೆಯ ಕಥೆ ಚಿಕ್ಕದಾಗಿ ಮತ್ತೆ ಶುರುವಾಗುತ್ತದೆ. ಹಂಚುವಾಗ ತೂಕ ನೋಡಿ: ಷೇರು ರಿಜಿಸ್ಟರ್ ಒಂದು ಮಧ್ಯಾಹ್ನದಲ್ಲಿ ಮುಗಿಯಬಹುದು, ಸಾಲದ ಕಡತಗಳು ವಾರ ಹಿಡಿಯಬಹುದು. ಪಟ್ಟಿಯನ್ನು ಹೇರಿಕೆ ಎಂದು ಭಾವಿಸದಿರಲು ಹಂಚಿಕೆಯನ್ನು ಒಂಬತ್ತು ಮಂದಿಯ ಎದುರೇ, ಅವರ ಮಾತು ಕೇಳಿಯೇ ಮಾಡಿ.

ರಾತ್ರಿ ಕುಳಿತು ದುಡಿಯುವ ಆ ಇಬ್ಬರ ಬಗ್ಗೆಯೂ ಒಂದು ಮಾತು ಹೇಳಬೇಕು. ಇಂಥವರು ಬೇರೆಯವರು ತಂದುಕೊಟ್ಟ ಪಟ್ಟಿಯಲ್ಲಿ ತಪ್ಪು ಕಂಡರೆ ಹಿಂದಿರುಗಿಸದೆ ತಾವೇ ತಿದ್ದಿ ಮುಗಿಸುವುದು ಸಾಮಾನ್ಯ. ಹೇಗೂ ಅವರು ಮತ್ತೆ ಮಾಡುತ್ತಾರೆ ಎಂದು ಗೊತ್ತಾದ ಮೇಲೆ ಉಳಿದವರು ಮನಸ್ಸಿಟ್ಟು ಮಾಡುವುದನ್ನು ಬಿಡುತ್ತಾರೆ. ತಪ್ಪಿರುವ ಪಟ್ಟಿ, ಮಾಡಿದವರ ಮೇಜಿಗೇ ವಾಪಸು ಹೋಗಲಿ. ಈ ಒಂದು ವರ್ಷ ಅದರಿಂದ ಸ್ವಲ್ಪ ತಡವಾದರೂ ಚಿಂತೆಯಿಲ್ಲ. ಪ್ರವಾಸಕ್ಕೆ ನನ್ನ ವಿರೋಧವೇನೂ ಇಲ್ಲ, ಆದರೆ ಮಾಡಿದ ಖರ್ಚಿಗೆ ಪ್ರತಿಫಲವಾಗಿ ಮಾರ್ಚ್ ನಂತರದ ದುಡಿಮೆಯನ್ನು ನಿರೀಕ್ಷಿಸುವುದು ಪ್ರವಾಸಕ್ಕೂ ಅನ್ಯಾಯ.

ಪ್ರಶ್ನೆ: ಪೀಣ್ಯದ ಬಿಡಿಭಾಗ ತಯಾರಿಕಾ ಘಟಕವೊಂದರಲ್ಲಿ ನಾನು ಉತ್ಪಾದನಾ ವ್ಯವಸ್ಥಾಪಕ. ವಾರದ ಮೀಟಿಂಗ್‌ನಲ್ಲಿ ರಿಜೆಕ್ಷನ್ (ಅಳತೆ ತಪ್ಪಿ ತಿರಸ್ಕೃತವಾಗುವ ಬಿಡಿಭಾಗಗಳ ಪ್ರಮಾಣ) ಕಡಿಮೆ ಮಾಡುವ ಯೋಜನೆ ಮುಂದಿಟ್ಟರೆ ಎಲ್ಲರೂ ‘ಆಯ್ತು ಸರ್’ ಎನ್ನುತ್ತಾರೆ. ಆಮೇಲೆ ಟೀ ಅಂಗಡಿಯ ಮುಂದೆ ನಿಂತು, ‘ಇದು ನಡೆಯೋ ಮಾತಲ್ಲ’ ಎಂದು ಮಾತನಾಡಿಕೊಳ್ಳುತ್ತಾರಂತೆ. ಇದನ್ನು ನಿಷ್ಠೆಯ ಕೊರತೆ ಎನ್ನಬೇಕೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಎನ್ನಬೇಕಾಗಿಲ್ಲ. ನಿಷ್ಠೆ ಇಲ್ಲದವರು ಟೀ ಕುಡಿಯುವ ಹೊತ್ತಿನಲ್ಲೂ ಕೆಲಸದ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಎಲ್ಲರೂ ಒಂದು ಕಡೆ ಇದ್ದಾರೆಂದು ಕಂಡಾಗ ತನ್ನ ಕಣ್ಣಿಗೆ ಕಂಡದ್ದನ್ನೂ ಹೇಳದೆ ನುಂಗಿಕೊಳ್ಳುವುದು ಎಷ್ಟು ಸಾಮಾನ್ಯ ಎಂಬುದನ್ನು ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1951ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು. ಗೆರೆಗಳ ಉದ್ದ ಹೋಲಿಸುವಂಥ ಸರಳ ಪ್ರಶ್ನೆಗೂ, ಮೊದಲೇ ಹೇಳಿಕೊಟ್ಟಿದ್ದ ಜನ ಒಕ್ಕೊರಲಿನಿಂದ ತಪ್ಪು ಉತ್ತರ ಕೊಟ್ಟಾಗ, ಪರೀಕ್ಷೆಗೆ ಒಳಗಾದವರ ಉತ್ತರಗಳಲ್ಲಿ ಸುಮಾರು ಮೂರನೇ ಒಂದು ಭಾಗ ಆ ತಪ್ಪನ್ನೇ ಅನುಸರಿಸಿದವು. ಗುಂಪಿನಲ್ಲಿ ಇನ್ನೊಬ್ಬರೇ ಒಬ್ಬರು ಸರಿಯಾದ ಉತ್ತರ ಹೇಳಿದಾಗ ಈ ಪ್ರಮಾಣ ತೀರಾ ಇಳಿದುಹೋಯಿತು. ಅಲ್ಲಿ ಯಾರ ಸಂಬಳವೂ ಯಾರ ಕೈಯಲ್ಲೂ ಇರಲಿಲ್ಲ. ನಿಮ್ಮ ಮೀಟಿಂಗ್‌ನಲ್ಲಿ ಬಡ್ತಿ ಮತ್ತು ಓವರ್‌ಟೈಮ್ ನಿರ್ಧರಿಸುವವರು ಮೊದಲೇ ಮಾತನಾಡಿ ಮುಗಿಸಿರುತ್ತಾರೆ. ಅದಾದ ಮೇಲೆ ‘ಯಾರಿಗಾದರೂ ಏನಾದರೂ ಹೇಳುವುದಿದೆಯೇ’ ಎಂದು ಕೇಳಿದರೆ ಮೌನವೇ ಉತ್ತರ.

ಇದರಿಂದ ಆಗುವ ನಷ್ಟ ಬೇಸರಕ್ಕಿಂತ ದೊಡ್ಡದು. ಸ್ಟಾಸರ್ ಮತ್ತು ಟೈಟಸ್ ಎಂಬ ಸಂಶೋಧಕರು 1985ರಲ್ಲಿ ತೋರಿಸಿದಂತೆ, ಗುಂಪುಗಳು ಎಲ್ಲರಿಗೂ ಗೊತ್ತಿರುವುದನ್ನೇ ಹೆಚ್ಚು ಚರ್ಚಿಸುತ್ತವೆ, ಒಬ್ಬರಿಗೆ ಮಾತ್ರ ಗೊತ್ತಿರುವ ಸಂಗತಿ ಎಷ್ಟೋ ಸಲ ಮೇಜಿನ ಮೇಲೆ ಬರುವುದೇ ಇಲ್ಲ. ಬೆಳಗಿನ ಪಾಳಿಯಲ್ಲಿ ಯಂತ್ರ ಇನ್ನೂ ಬಿಸಿಯಾಗುವ ಮೊದಲು ತೆಗೆದ ಕೆಲವು ಪೀಸ್‌ಗಳ ಅಳತೆ ಮಾತ್ರ ಆಚೀಚೆ ಆಗುತ್ತದೆ ಎಂಬುದು ಆ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರದ ಆಪರೇಟರ್‌ಗೆ ಗೊತ್ತಿರುತ್ತದೆ. ನಿಮ್ಮ ಪರದೆಯ ಮೇಲೆ ಮೂಡುವ ಇಡೀ ತಿಂಗಳ ಸರಾಸರಿಯಲ್ಲಿ ಅದು ಕಾಣುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ನೀವು ಕೇಳಿಲ್ಲ, ನಾನೇ ಕೇಳುತ್ತೇನೆ: ಮೀಟಿಂಗ್ ಯಾವ ಭಾಷೆಯಲ್ಲಿ ನಡೆಯುತ್ತದೆ? ಇಂಗ್ಲಿಷ್ ಸ್ಲೈಡ್‌ಗಳ ಮುಂದೆ, ಕನ್ನಡವೋ ಹಿಂದಿಯೋ ಆಡುವ ಆಪರೇಟರ್‌ಗಳು ಕುಳಿತಿದ್ದರೆ ‘ಆಯ್ತು ಸರ್’ ಎಂಬುದು ಒಪ್ಪಿಗೆಯೂ ಅಲ್ಲ, ಅರ್ಥವಾಯಿತು ಎಂಬ ಮಾತೂ ಅಲ್ಲ. ಮೀಟಿಂಗ್‌ನ ಅರ್ಧವನ್ನಾದರೂ ಕೊಠಡಿಯಿಂದ ಹೊರಗೆ, ಯಂತ್ರದ ಪಕ್ಕದಲ್ಲಿ, ಅವರ ಮಾತಿನಲ್ಲಿ ನಡೆಸಿ. ಯೋಜನೆ ಹೇಳುವ ಮೊದಲು ಪ್ರತಿಯೊಬ್ಬರೂ ತಮಗೆ ಕಂಡ ಒಂದು ಅಡ್ಡಿಯನ್ನು ಚೀಟಿಯಲ್ಲಿ ಬರೆದು ಕೊಡಲಿ. ನಿಮ್ಮ ಅಭಿಪ್ರಾಯ ಕೊನೆಯಲ್ಲಿ ಬರಲಿ. ಮೊದಲ ಬಾರಿ ಒಬ್ಬರು ಧೈರ್ಯ ಮಾಡಿ ಅಡ್ಡ ಮಾತು ಹೇಳಿದಾಗ ನಿಮ್ಮ ಮುಖ ಹೇಗಾಗುತ್ತದೆ ಎಂಬುದನ್ನು ಉಳಿದವರೆಲ್ಲ ನೋಡುತ್ತಿರುತ್ತಾರೆ, ಮುಂದಿನ ವಾರದ ಮಾತುಕತೆ ಅದರ ಮೇಲೆ ನಿಂತಿದೆ.

ಪ್ರಶ್ನೆ: ಖಾಸಗಿ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರ್‌ನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಒಮ್ಮೆ ಮಾಪ್‌ಗಳ (ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಒರೆಸುವ ಬಟ್ಟೆಗಳ) ಎಣಿಕೆಯಲ್ಲಿ ಒಂದು ಕಡಿಮೆ ಬಂತು. ಹಿರಿಯ ಸರ್ಜನ್ ಹೊಲಿಗೆ ಹಾಕಲು ಶುರು ಮಾಡಿದ್ದರು. ಹೇಳಲು ಹೆದರಿಕೆಯಾಯಿತು, ಹೇಳಿದೆ, ಬೈಸಿಕೊಂಡೆ. ಮಾಪ್ ಕೆಳಗೆ ಬಿದ್ದಿತ್ತು. ಈಗ ಎಲ್ಲರೂ ನಗುತ್ತಾರೆ. ಮುಂದೆ ಇಂಥ ಸಂದರ್ಭದಲ್ಲಿ ಹೇಗೆ ನಡೆದುಕೊಳ್ಳಲಿ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಹಾಗೆಯೇ ನಡೆದುಕೊಳ್ಳಿ. ಮಾಪ್ ಎಲ್ಲಿದೆ ಎಂದು ಗೊತ್ತಾದದ್ದೇ ನೀವು ಬಾಯಿ ಬಿಟ್ಟಿದ್ದರಿಂದ. ಅದು ನೆಲದ ಮೇಲೆ ಸಿಕ್ಕಿತು ಎಂಬುದು ನಿಮ್ಮ ಮಾತನ್ನು ತಪ್ಪಾಗಿಸುವುದಿಲ್ಲ.

1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್‌ನ ವಿಮಾನವೊಂದು ಇಂಧನ ಮುಗಿದು ನೆಲಕ್ಕೆ ಬಿತ್ತು, ಹತ್ತು ಮಂದಿ ಸತ್ತರು. ಕ್ಯಾಪ್ಟನ್ ಚಕ್ರಗಳ ತೊಂದರೆಯಲ್ಲಿ ಮುಳುಗಿದ್ದರು. ಇಂಧನ ಇಳಿಯುತ್ತಿರುವುದು ಜೊತೆಗಿದ್ದ ಸಿಬ್ಬಂದಿಗೆ ಕಾಣುತ್ತಿತ್ತು, ಅವರು ಆ ಮಾತನ್ನು ಎತ್ತಿದ್ದರು ಕೂಡ. ಆದರೆ ಕ್ಯಾಪ್ಟನ್ನರನ್ನು ತಡೆದು ನಿಲ್ಲಿಸುವಷ್ಟು ಗಟ್ಟಿಯಾಗಿ ಹೇಳಲಿಲ್ಲ. ಕಿರಿಯರು ಹೇಗೆ ಹೇಳಬೇಕು, ಹಿರಿಯರು ಹೇಗೆ ಕೇಳಬೇಕು ಎಂಬುದನ್ನು ವಿಮಾನಯಾನ ಕ್ಷೇತ್ರ ಕ್ರಮಬದ್ಧ ತರಬೇತಿಯಾಗಿ ಮಾಡಿಕೊಂಡದ್ದು ಇಂಥ ಅಪಘಾತಗಳ ನಂತರ. ಅದೇ ಸಂಸ್ಥೆ ಅದನ್ನು 1981ರಲ್ಲಿ ಆರಂಭಿಸಿತು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯ ಹಿಂದೆಯೂ ಇದೇ ಆಲೋಚನೆ ಇದೆ. ಅರಿವಳಿಕೆಗೆ ಮುನ್ನ, ಚರ್ಮ ಸೀಳುವ ಮುನ್ನ, ರೋಗಿ ಥಿಯೇಟರ್‌ನಿಂದ ಹೊರಡುವ ಮುನ್ನ ಎಂದು ಮೂರು ಹಂತ. ಎರಡನೆಯ ಹಂತದಲ್ಲಿ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸವನ್ನು ಹೇಳಿಕೊಳ್ಳಬೇಕು. ಮೂರನೆಯದರಲ್ಲಿ ಉಪಕರಣ, ಮಾಪ್, ಸೂಜಿಗಳ ಎಣಿಕೆ ಸರಿಯಿದೆ ಎಂದು ನರ್ಸ್ ಬಾಯಿಬಿಟ್ಟು ಹೇಳಬೇಕು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಅಳವಡಿಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿದದ್ದು 2009ರಲ್ಲಿ ವರದಿಯಾಯಿತು. ಕೆನಡಾದ ಒಂಟಾರಿಯೊದಲ್ಲಿ ನೂರಕ್ಕೂ ಹೆಚ್ಚು ಆಸ್ಪತ್ರೆಗಳು ಇಂಥ ಪಟ್ಟಿಯನ್ನು ಅಳವಡಿಸಿಕೊಂಡಾಗ ಅಂಥ ಗಮನಾರ್ಹ ಇಳಿಕೆ ಕಾಣಲಿಲ್ಲ ಎಂದು 2014ರ ಅಧ್ಯಯನವೊಂದು ಹೇಳಿತು ಎಂಬುದನ್ನೂ ತಿಳಿಸಬೇಕು. ಪಟ್ಟಿಗೆ ಟಿಕ್ ಹಾಕುವುದು ಒಂದು, ಪಟ್ಟಿಯಲ್ಲಿರುವುದನ್ನು ನಿಂತು ಕೇಳಿಸಿಕೊಳ್ಳುವುದು ಇನ್ನೊಂದು ಎಂಬುದು ನನ್ನ ಅಭಿಪ್ರಾಯ.

ನೀವು ಮಾಡಬಹುದಾದದ್ದು ಇಷ್ಟು. ನರ್ಸಿಂಗ್ ಸೂಪರಿಂಟೆಂಡೆಂಟ್ ಮತ್ತು ಅರಿವಳಿಕೆ ತಜ್ಞರ ಮೂಲಕ, ಎಣಿಕೆ ಹೇಳುವ ತನಕ ಹೊಲಿಗೆ ಶುರುವಾಗಬಾರದು ಎಂಬುದನ್ನು ಆ ಥಿಯೇಟರ್‌ನ ಲಿಖಿತ ನಿಯಮವಾಗಿಸಿ. ಆಗ ನೀವು ಹಿರಿಯರನ್ನು ಪ್ರಶ್ನಿಸಿದಂತೆ ಆಗುವುದಿಲ್ಲ, ನಿಯಮ ಪಾಲಿಸಿದಂತೆ ಆಗುತ್ತದೆ. ಹೇಳುವಾಗ ‘ಸರ್, ಎಣಿಕೆ ಸರಿ ಇಲ್ಲ ಅನಿಸುತ್ತೆ’ ಎನ್ನುವ ಬದಲು ‘ಸರ್, ಒಂದು ಮಾಪ್ ಕಡಿಮೆ ಇದೆ, ಇನ್ನೊಮ್ಮೆ ಎಣಿಸಬೇಕು, ದಯವಿಟ್ಟು ನಿಲ್ಲಿಸಿ’ ಎನ್ನಿ. ನಗುವವರ ವಿಷಯಕ್ಕೆ ಬಂದರೆ, ಆಸ್ಪತ್ರೆಗಳ ತಂಡಗಳನ್ನು 1990ರ ದಶಕದಲ್ಲಿ ಅಧ್ಯಯನ ಮಾಡಿದ ಏಮಿ ಎಡ್ಮಂಡ್‌ಸನ್ ಅವರಿಗೆ ಒಳ್ಳೆಯ ತಂಡಗಳಲ್ಲೇ ಔಷಧಿಯ ತಪ್ಪುಗಳು ಹೆಚ್ಚು ದಾಖಲಾಗಿರುವುದು ಕಂಡು ಆಶ್ಚರ್ಯವಾಗಿತ್ತು. ಆ ತಂಡಗಳವರು ಹೆಚ್ಚು ತಪ್ಪು ಮಾಡುತ್ತಿದ್ದರು ಎಂಬುದಕ್ಕಿಂತ, ಆದ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂಬುದೇ ಅದಕ್ಕೆ ಅವರು ಕಂಡುಕೊಂಡ ವಿವರಣೆ.

ಪ್ರಶ್ನೆ: ನಮ್ಮ ಸಾಫ್ಟ್‌ವೇರ್ ಪ್ರಾಜೆಕ್ಟ್ ತಡವಾಗುತ್ತಿದೆ ಎಂದು ಐದು ಜನರ ತಂಡಕ್ಕೆ ಇನ್ನೂ ನಾಲ್ವರನ್ನು ಸೇರಿಸಿದರು. ಈಗ ಇನ್ನಷ್ಟು ನಿಧಾನವಾಗಿದೆ. ಹೊಸಬರು ಜಾಣರೇ. ತಪ್ಪು ಎಲ್ಲಿದೆ?
– ಓದುಗರೊಬ್ಬರು, ಮೈಸೂರು

ಉತ್ತರ: ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಐಬಿಎಂನಲ್ಲಿ ಭಾರೀ ಯೋಜನೆಯೊಂದನ್ನು ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು. ಐದು ಮಂದಿಯಿದ್ದಾಗ ಇಬ್ಬಿಬ್ಬರ ನಡುವಿನ ಸಂಪರ್ಕಗಳು ಹತ್ತು. ಒಂಬತ್ತು ಮಂದಿಯಾದಾಗ ಮೂವತ್ತಾರು. ಜೊತೆಗೆ ಹೊಸಬರಿಗೆ ಹೇಳಿಕೊಡಬೇಕಾದವರು ಕೆಲಸ ಬಲ್ಲ ಆ ಐವರೇ, ಅವರ ಹೊತ್ತೇ ಅದಕ್ಕೆ ಹೋಗುತ್ತದೆ.

ಬಂದವರನ್ನು ವಾಪಸು ಕಳಿಸಿ ಎಂದು ಹೇಳುವುದಿಲ್ಲ. ಹಳೆಯ ಕೋಡ್ ಒಳಹೊಕ್ಕು ತಿಳಿಯದೆಯೂ ಮಾಡಬಹುದಾದ, ಬೇರ್ಪಡಿಸಿ ಕೊಡಬಹುದಾದ ಕೆಲಸಗಳನ್ನು, ಉದಾಹರಣೆಗೆ ಟೆಸ್ಟಿಂಗ್, ಡೇಟಾ ವರ್ಗಾವಣೆ, ಬಳಕೆದಾರರ ಕೈಪಿಡಿಗಳನ್ನು, ನಾಲ್ವರಿಗೆ ವಹಿಸಿ. ಐವರಲ್ಲಿ ಒಬ್ಬರು ಮಾತ್ರ ಅವರ ಪ್ರಶ್ನೆಗಳಿಗೆ ಉತ್ತರಿಸಲಿ, ಉಳಿದ ನಾಲ್ವರನ್ನು ಯಾರೂ ಅಡ್ಡಿಪಡಿಸದಿರಲಿ. ಇಷ್ಟಾದರೂ ಗಡುವಿನೊಳಗೆ ಎಲ್ಲವೂ ಮುಗಿಯುವುದು ಕಷ್ಟ. ಯಾವ ಭಾಗವನ್ನು ಮೊದಲು ಕೊಡಬಹುದು, ಯಾವುದನ್ನು ಮುಂದಕ್ಕೆ ಹಾಕಬಹುದು ಎಂಬ ಮಾತುಕತೆಯನ್ನು ಗ್ರಾಹಕರೊಂದಿಗೆ ಈ ವಾರವೇ ಆರಂಭಿಸುವಂತೆ ನಿಮ್ಮ ವ್ಯವಸ್ಥಾಪಕರನ್ನು ಒತ್ತಾಯಿಸಿ. ಗಡುವಿನ ಹಿಂದಿನ ದಿನ ಆ ಮಾತು ಎತ್ತಿದರೆ ಆಯ್ಕೆ ಮಾಡಲು ಅವರಿಗೂ ಏನೂ ಉಳಿದಿರುವುದಿಲ್ಲ.