ಆರು ದಂತ ಕ್ಲಿನಿಕ್ ಇರುವ ಕಡೆ ಏಳನೆಯದಕ್ಕೆ ಜಾಗವಿದೆಯೇ?

ಪ್ರಶ್ನೆ: ನಾನು ದಂತವೈದ್ಯೆ. ಸ್ವಂತ ಕ್ಲಿನಿಕ್ ತೆರೆಯಲು ನೋಡಿಟ್ಟಿರುವ ಬಡಾವಣೆಯಲ್ಲಿ ಆಗಲೇ ಆರು ಕ್ಲಿನಿಕ್‌ಗಳಿವೆ. ಒಂದೂ ಇಲ್ಲದ ಕಡೆ ಹೋಗುವುದು ವಾಸಿಯೇ?

ಉತ್ತರ: ಬೋರ್ಡು ಎಣಿಸಿ ತೀರ್ಮಾನಕ್ಕೆ ಬರಬೇಡಿ. ಎಣಿಸಬೇಕಾದ್ದು ಚಿಕಿತ್ಸೆಯ ಕುರ್ಚಿಗಳನ್ನು, ಅವು ವಾರಕ್ಕೆ ಎಷ್ಟು ಗಂಟೆ ದುಡಿಯುತ್ತವೆ ಎಂಬುದನ್ನು. ಒಂದೇ ಕುರ್ಚಿ ಇಟ್ಟುಕೊಂಡು ಸಂಜೆ ಮೂರು ಗಂಟೆ ಮಾತ್ರ ತೆರೆಯುವ ಕ್ಲಿನಿಕ್‌ನಿಂದ ವಾರದ ಆರು ದಿನಕ್ಕೆ ಸಿಗುವುದು 18 ಗಂಟೆ. ಮೂರು ಕುರ್ಚಿಗಳನ್ನು ದಿನಕ್ಕೆ 10 ಗಂಟೆ ನಡೆಸುವವರಿಂದ ಮೂರೂ ಕುರ್ಚಿ ಸೇರಿ 180 ಗಂಟೆ. ಬೀದಿಯಲ್ಲಿ ನಿಂತು ನೋಡಿದರೆ ಎರಡೂ ಒಂದೊಂದು ಬೋರ್ಡು ಅಷ್ಟೇ.

ಆಮೇಲೆ ಆರೂ ಕಡೆ ಫೋನ್ ಮಾಡಿ, ಮುಂದಿನ ಅಪಾಯಿಂಟ್‌ಮೆಂಟ್ ಯಾವತ್ತು ಸಿಗುತ್ತದೆ ಎಂದು ಕೇಳಿ. ಹಲ್ಲು ಕ್ಲೀನಿಂಗ್, ರೂಟ್ ಕೆನಾಲ್, ಮಕ್ಕಳ ಹಲ್ಲು, ತಂತಿ ಹಾಕುವುದು, ಹೀಗೆ ಒಂದೊಂದನ್ನೂ ಬೇರೆಯಾಗಿ ವಿಚಾರಿಸಿ. ಸುಳ್ಳು ಬುಕಿಂಗ್ ಮಾತ್ರ ಬೇಡ, ನೋವಿನಲ್ಲಿರುವ ಒಬ್ಬರ ಸಮಯ ಹಾಳಾಗುತ್ತದೆ. ಕ್ಲೀನಿಂಗ್‌ಗೆ ನಾಳೆಯೇ ಬನ್ನಿ ಎನ್ನುವವರು ತಂತಿಯ ವಿಷಯಕ್ಕೆ ಬಂದಾಗ "ಡಾಕ್ಟರ್ ತಿಂಗಳಿಗೊಮ್ಮೆ ಬರ್ತಾರೆ" ಎಂದರೆ ಬೇಡಿಕೆ ಎಲ್ಲಿ ಕಾಯುತ್ತಿರಬಹುದು ಎಂಬ ಸುಳಿವು ಸಿಕ್ಕಿತು. ಆನ್‌ಲೈನ್ ವಿಮರ್ಶೆಗಳಲ್ಲೂ ನಕ್ಷತ್ರ ಬಿಟ್ಟು ದೂರುಗಳನ್ನು ಓದಿ. "ಒಂದು ಗಂಟೆ ಕಾಯಿಸಿದರು", "ಖರ್ಚು ಮೊದಲೇ ಹೇಳಲಿಲ್ಲ" ಎಂಬ ಮಾತು ಮತ್ತೆ ಮತ್ತೆ ಬಂದರೆ, ಅದನ್ನು ಸರಿಯಾಗಿ ಮಾಡುವವರಿಗೆ ಅಲ್ಲಿ ಜಾಗವಿದೆ.

ಒಂದೂ ಕ್ಲಿನಿಕ್ ಇಲ್ಲದ ಜಾಗದ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಕಾಯಿಲೆಗಳಿವೆ. ಕಾಯಿಲೆ ಇದ್ದವರೆಲ್ಲ ಬರುವಂತಿದ್ದರೆ ಯಾವ ದಂತವೈದ್ಯರ ಕುರ್ಚಿಯೂ ಖಾಲಿ ಇರುತ್ತಿರಲಿಲ್ಲ. ಭಯ, ಖರ್ಚು, ಬಿಡುವಿಲ್ಲದಿರುವುದು, ನೋವು ಬಂದಾಗ ನೋಡಿಕೊಂಡರಾಯಿತು ಎಂಬ ಉದಾಸೀನ ಇವೆಲ್ಲ ನಡುವೆ ನಿಂತಿರುತ್ತವೆ. ಆ ಜಾಗದಲ್ಲಿ ತಡೆಯುತ್ತಿರುವುದು ಯಾವುದೆಂದು ಮೊದಲು ತಿಳಿಯಿರಿ. ಔಷಧಿ ಅಂಗಡಿಯವರನ್ನು ಕೇಳಿ: ಹಲ್ಲುನೋವಿಗೆ ಮಾತ್ರೆ ಕೊಡಿ ಎಂದು ಬರುವವರು ಎಷ್ಟು, ಯಾವ ಹೊತ್ತಿನಲ್ಲಿ? ರಾತ್ರಿ ಕೆಲಸ ಮುಗಿಸಿ ಬರುವವರೇ ಹೆಚ್ಚಾಗಿದ್ದರೆ ಬೆಳಗಿನ ಕ್ಲಿನಿಕ್‌ನಿಂದ ಅವರಿಗೆ ಉಪಯೋಗವಿಲ್ಲ. ಕೆಲಸಕ್ಕೆ ಬೇರೆ ಕಡೆ ಹೋಗುವವರು ಚಿಕಿತ್ಸೆಯನ್ನೂ ಅಲ್ಲೇ ಮುಗಿಸಿಕೊಂಡು ಬರುತ್ತಿರಬಹುದು.

ವಯಸ್ಸಿನ ಲೆಕ್ಕವೂ ಬೇಕು. ಎಳೆಯ ಮಕ್ಕಳ ಸಂಸಾರಗಳಿರುವ ಕಡೆ ಕೆಲಸ ಒಂದು ಬಗೆಯದು. ವೃದ್ಧರು ಹೆಚ್ಚಿದ್ದರೆ ಕಟ್ಟುಹಲ್ಲು, ಬೇರಿನ ಹುಳುಕು. ವೃದ್ಧರನ್ನು ನೆಚ್ಚಿಕೊಂಡು ಲಿಫ್ಟ್ ಇಲ್ಲದ ಮೊದಲ ಮಹಡಿ ಹಿಡಿಯಬೇಡಿ.

ದರ ಇಳಿಸಿ ಗೆಲ್ಲುವ ಯೋಚನೆಯನ್ನಂತೂ ಬಿಟ್ಟುಬಿಡಿ. ಇಳಿಸಿದ ದರದ ನಷ್ಟ ತುಂಬಿಕೊಳ್ಳಲು ಬೇಡದ ಚಿಕಿತ್ಸೆ ಮಾಡುವ ಒತ್ತಡ ಬರುತ್ತದೆ. ಅದನ್ನು ತೆರುವುದು ರೋಗಿಯ ಹಲ್ಲು.

ಆರೂ ಕಡೆ ಎಲ್ಲ ಚಿಕಿತ್ಸೆಗೂ ನಾಳೆಯೇ ಸಮಯವಿದೆ, ದೂರುಗಳೂ ಕಡಿಮೆ ಎಂದಾದರೆ ಬಾಡಿಗೆ ಮುಂಗಡ ಕೊಡುವ ಮೊದಲು ಬೇರೆ ಜಾಗ ನೋಡಿ.